ಬಚ್ಚಲುಮನೆಯ ಬಿಸಿನೀರು: ದುರಸ್ತಿಯೋ, ಬದಲಾವಣೆಯೋ?

ಬಿಸಿನೀರು ಬರುತ್ತಿರುವವರೆಗೆ ಅದನ್ನು ಒದಗಿಸುವ ಯಂತ್ರವನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಮಾಗಿಯ ಒಂದು ಮುಂಜಾನೆ ನಲ್ಲಿಯನ್ನು ತಿರುಗಿಸಿದಾಗ ತಣ್ಣೀರೇ ಸುರಿಯತೊಡಗಿದರೆ ಮನೆಮಂದಿಗೆಲ್ಲ ಒಮ್ಮೆಗೇ ಅದರ ನೆನಪಾಗುತ್ತದೆ. ಕೂಡಲೇ ರಿಪೇರಿಯವನಿಗೆ ಕರೆ ಹೋಗುತ್ತದೆ. ಅವನು ಬಂದು ಎರಡು ಮಾತುಗಳಲ್ಲಿ ಒಂದನ್ನು ಹೇಳುತ್ತಾನೆ: “ಕಾಯಿಲ್ ಸುಟ್ಟಿದೆ, ಬೇರೆ ಹಾಕಬೇಕು” ಎಂದು, ಇಲ್ಲವೇ “ಇದನ್ನು ತೆಗೆದು ಹೊಸದನ್ನೇ ಹಾಕಿಸಿ” ಎಂದು. ಎರಡರಲ್ಲಿ ಯಾವುದು ನಿಜ, ಯಾವುದು ಯುಕ್ತ ಎಂಬುದನ್ನು ನಿರ್ಣಯಿಸುವ ತಿಳಿವಳಿಕೆ ಮನೆಯ ಯಜಮಾನನಲ್ಲಿ ಇರುವುದು ಅಪರೂಪ. ಅದರ ಫಲವಾಗಿ, ಅಲ್ಪ ಬೆಲೆಯ ಒಂದು ಸಲಾಕೆಯನ್ನು ಬದಲಾಯಿಸಿದ್ದರೆ ಇನ್ನೂ ಹಲವು ವರ್ಷ ಬಾಳಬಹುದಾಗಿದ್ದ ಯಂತ್ರವು ಗುಜರಿಗೆ ಹೋಗುತ್ತದೆ. ಒಳಗೋಡೆಯೇ ತುಕ್ಕು ಹಿಡಿದು ಕೊಳೆತಿರುವ ಯಂತ್ರಕ್ಕೆ ಮತ್ತೆ ಮತ್ತೆ ಹಣ ಸುರಿಯುವುದೂ ಉಂಟು.

ನಷ್ಟವು ಹಣಕ್ಕೆ ಮಾತ್ರವೇ ಸೀಮಿತವಾಗಿದ್ದರೆ ಈ ವಿಷಯವನ್ನು ಇಷ್ಟು ವಿಸ್ತಾರವಾಗಿ ಬರೆಯಬೇಕಾಗಿರಲಿಲ್ಲ. ನೀರು, ವಿದ್ಯುತ್ತು, ಬೆಂಕಿ, ಒತ್ತಡ, ಈ ನಾಲ್ಕೂ ಒಂದು ಚಿಕ್ಕ ಕೋಣೆಯಲ್ಲಿ ಕೂಡುವ ಸ್ಥಳ ಬಚ್ಚಲುಮನೆ. ಇಲ್ಲಿನ ಯಂತ್ರ ಕೆಟ್ಟಾಗ ಕೆಲವೊಮ್ಮೆ ಮನುಷ್ಯರ ಪ್ರಾಣವೇ ಹೋಗುತ್ತದೆ. ಆದಕಾರಣ, ಈ ಯಂತ್ರಕ್ಕೆ ಬರುವ ರೋಗಗಳೇನು, ಅವುಗಳ ಲಕ್ಷಣಗಳೇನು, ಯಾವುದು ಗುಣವಾಗತಕ್ಕದ್ದು, ಯಾವುದು ಅಸಾಧ್ಯವಾದದ್ದು ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ. ಇದಕ್ಕೆ ಬೇಕಾಗುವ ವಿಜ್ಞಾನವು ಪ್ರೌಢಶಾಲೆಯ ಪಾಠಗಳನ್ನು ಮೀರಿದ್ದಲ್ಲ.

ಹಂಡೆಯಿಂದ ಗೀಸರಿಗೆ

ನಮ್ಮ ನಾಡಿನಲ್ಲಿ ಬಹುಕಾಲ ಬಿಸಿನೀರಿನ ಆಧಾರವಾಗಿದ್ದದ್ದು ಬಚ್ಚಲೊಲೆಯ ಮೇಲೆ ಕೂಡಿಸಿದ ತಾಮ್ರದ ಹಂಡೆ. ನರಕ ಚತುರ್ದಶಿಯ ಹಿಂದಿನ ದಿನ ಬರುವ ‘ನೀರು ತುಂಬುವ ಹಬ್ಬ’ವನ್ನು ವಾಚಕರು ಬಲ್ಲರು. ಅಂದು ಹಂಡೆಯನ್ನು ಹುಣಸೇಹಣ್ಣಿನಿಂದ ಉಜ್ಜಿ ಥಳಥಳಿಸುವಂತೆ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೊಸ ನೀರು ತುಂಬುವುದು ವಾಡಿಕೆ. ಮಲೆನಾಡು ಕರಾವಳಿಗಳಲ್ಲಿ ಅದರ ಕೊರಳಿಗೆ ಹಿಂಡಲಕಾಯಿಯ ಬಳ್ಳಿಯನ್ನೂ ಸುತ್ತುವರು. ಹಬ್ಬದ ಅರ್ಥವೇನೇ ಇರಲಿ, ಅದರಲ್ಲಿ ಒಂದು ವ್ಯವಹಾರಜ್ಞಾನ ಅಡಗಿದೆ. ವರ್ಷಕ್ಕೊಮ್ಮೆಯಾದರೂ ನೀರು ಕಾಯಿಸುವ ಪಾತ್ರೆಯನ್ನು ಬರಿದು ಮಾಡಿ, ಒಳಗೆ ಕಟ್ಟಿಕೊಂಡ ಕಿಟ್ಟವನ್ನು ಆಮ್ಲದಿಂದ ಸಡಿಲಿಸಿ ತೆಗೆಯುವುದೆಂದರೆ ಇಂದಿನ ಎಂಜಿನಿಯರು ವಿಧಿಸುವ ವಾರ್ಷಿಕ ಶುಚೀಕರಣವೇ ಅಲ್ಲದೆ ಬೇರೆಯಲ್ಲ. ಹಂಡೆ ಬಾಯಿ ತೆರೆದ ಪಾತ್ರೆ. ಅದರ ಒಳಗು ಕಣ್ಣಿಗೆ ಕಾಣುತ್ತಿತ್ತು. ಗೋಡೆಗೆ ತೂಗುಹಾಕಿದ ಮುಚ್ಚಿದ ಪೆಟ್ಟಿಗೆಯ ಒಳಗು ಕಾಣದು; ಕಾಣದ್ದರಿಂದಲೇ ಅದನ್ನು ನಾವು ಮರೆಯುತ್ತೇವೆ.

ಹಂಡೆಯ ತರುವಾಯ, ನಡುವೆ ಬೆಂಕಿಯ ಕೊಳವೆಯುಳ್ಳ ತಾಮ್ರದ ಬಾಯ್ಲರ್ ಬಂದಿತು. ಅನಿಲದ ಉರಿಯಿಂದ ಹರಿಯುವ ನೀರನ್ನು ಕಾಯಿಸುವ ಯಂತ್ರವನ್ನು ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತನು ೧೮೬೮ರಲ್ಲಿ ನಿರ್ಮಿಸಿ, ಐಸ್‌ಲೆಂಡಿನ ಪ್ರಸಿದ್ಧ ಬಿಸಿನೀರಿನ ಬುಗ್ಗೆಯ ಹೆಸರನ್ನು ಅನುಸರಿಸಿ ಅದನ್ನು ‘ಗೀಸರ್’ ಎಂದು ಕರೆದನು. ಆ ಹೆಸರೇ ಇಂದು ನಮ್ಮ ಮನೆಗಳಲ್ಲಿ ವಿದ್ಯುತ್ತಿನ ಯಂತ್ರಕ್ಕೂ ನಿಂತಿದೆ. ನೀರನ್ನು ಸಂಗ್ರಹಿಸಿಟ್ಟು ತಾನೇ ತಾನಾಗಿ ಕಾಯಿಸುವ ಯಂತ್ರವನ್ನು ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಎಡ್ವಿನ್ ರೂಡ್ ಎಂಬ ಎಂಜಿನಿಯರು ೧೮೮೯ರಲ್ಲಿ ರೂಪಿಸಿದನು. ೧೯೦೬ರಲ್ಲಿ ಆಲ್ಬರ್ಟ್ ಮಾರ್ಷ್ ಎಂಬಾತನು ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಮಿಶ್ರಲೋಹಕ್ಕೆ ಹಕ್ಕುಪತ್ರ ಪಡೆದನು. ಕೆಂಪಗೆ ಕಾದರೂ ಬೇಗನೆ ಉರಿದುಹೋಗದ ಈ ‘ನಿಕ್ರೋಮ್’ ತಂತಿ ದೊರೆತ ಮೇಲೆಯೇ ವಿದ್ಯುತ್ತಿನಿಂದ ಶಾಖ ಪಡೆಯುವ ಗೃಹೋಪಕರಣಗಳು ನೆಲೆ ಕಂಡವು.

ಪೆಟ್ಟಿಗೆಯ ಒಳಗೆ

ಇಂದಿನ ವಿದ್ಯುತ್ ಗೀಸರಿನ ರಚನೆ ಸರಳವಾದದ್ದು. ಮಧ್ಯದಲ್ಲಿ ಒಂದು ತೊಟ್ಟಿ. ಇದು ಸಾಮಾನ್ಯವಾಗಿ ಉಕ್ಕಿನದು. ಒಳಮೈಗೆ ಗಾಜಿನಂಥ ಎನಾಮೆಲ್ ಲೇಪವಿರುತ್ತದೆ. ತುಕ್ಕು ಹಿಡಿಯದ ಉಕ್ಕಿನಿಂದಲೂ ತಾಮ್ರದಿಂದಲೂ ಮಾಡಿದ ತೊಟ್ಟಿಗಳೂ ಉಂಟು. ತೊಟ್ಟಿಯ ಸುತ್ತ ಶಾಖ ಸೋರದಂತೆ ನೊರೆಯಂಥ ಪ್ಲಾಸ್ಟಿಕ್ಕಿನ ಹೊದಿಕೆ. ತಳದಿಂದ ಒಳಚಾಚಿರುವುದು ತಾಪನದಂಡ; ಜನರು ‘ಕಾಯಿಲ್’ ಎನ್ನುವುದು ಇದನ್ನೇ. ಇದರ ನಡುವೆ ನಿಕ್ರೋಮ್ ತಂತಿ, ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡಿನ ಪುಡಿ, ಹೊರಗೆ ಲೋಹದ ಕವಚ. ಈ ಪುಡಿ ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ದಂಡದ ಪಕ್ಕದಲ್ಲಿ ಮೆಗ್ನೀಷಿಯಂ ಲೋಹದ ಒಂದು ಸಲಾಕೆ. ಹೊರಗೆ ಥರ್ಮೋಸ್ಟಾಟ್, ಅದು ತಪ್ಪಿದರೆ ಪ್ರವಾಹವನ್ನು ಕಡಿಯುವ ಮತ್ತೊಂದು ಕಾವಲು ಸ್ವಿಚ್ಚು, ಮತ್ತು ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಒಂದು ವಾಲ್ವ್. ತಣ್ಣೀರು ತಳದಿಂದ ಒಳಹೊಕ್ಕು, ಹಗುರವಾದ ಬಿಸಿನೀರನ್ನು ಮೇಲುಗಡೆಯಿಂದ ತಳ್ಳುತ್ತದೆ.

ಯಂತ್ರವು ಆರೋಗ್ಯವಾಗಿದೆಯೇ ಎಂದು ತಿಳಿಯಲು ಮೊದಲು ಅದರಿಂದ ಎಷ್ಟು ಕೆಲಸವನ್ನು ನಿರೀಕ್ಷಿಸಬಹುದೆಂದು ಲೆಕ್ಕ ಹಾಕಬೇಕು. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ೪,೧೮೬ ಜೂಲುಗಳಷ್ಟು ಶಕ್ತಿ ಬೇಕು. ೨೫ ಲೀಟರು ನೀರನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಬೇಕಾದರೆ ಸುಮಾರು ೪೨ ಲಕ್ಷ ಜೂಲುಗಳು, ಎಂದರೆ ೧.೧೬ ಯೂನಿಟ್ ವಿದ್ಯುತ್ತು, ಬೇಕಾಗುತ್ತದೆ. ದಂಡವು ೨,೦೦೦ ವಾಟ್ ಸಾಮರ್ಥ್ಯದ್ದಾದರೆ ಇದಕ್ಕೆ ೩೫ ನಿಮಿಷ ಹಿಡಿಯುತ್ತದೆ. ಹೊದಿಕೆಯಿಂದ ಸೋರುವ ಅಲ್ಪ ಶಾಖವನ್ನು ಸೇರಿಸಿ ೪೦ ನಿಮಿಷವೆಂದೇ ಹೇಳೋಣ.

ಒಂದು ಗಂಟೆಯಾದರೂ ನೀರು ಕಾಯದಿದ್ದರೆ? ಯಂತ್ರವನ್ನು ದೂಷಿಸುವ ಮೊದಲು ವಿದ್ಯುತ್ತಿನ ವೋಲ್ಟೇಜನ್ನು ನೋಡಬೇಕು. ತಂತಿಯಲ್ಲಿ ಹುಟ್ಟುವ ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ೨೩೦ ವೋಲ್ಟಿಗೆ ೨,೦೦೦ ವಾಟ್ ಕೊಡುವ ದಂಡವು ೧೯೦ ವೋಲ್ಟಿಗೆ ಕೊಡುವುದು ೧,೩೬೫ ವಾಟ್ ಮಾತ್ರ. ೩೫ ನಿಮಿಷದ ಕೆಲಸ ೫೧ ನಿಮಿಷಕ್ಕೆ ಬೆಳೆಯುತ್ತದೆ. ಇಲ್ಲಿ ಯಂತ್ರದಲ್ಲಿ ರೋಗವೇ ಇಲ್ಲ. ಹೊಸ ಗೀಸರನ್ನು ತಂದರೂ ಅದು ಅಷ್ಟೇ ನಿಧಾನವಾಗಿ ಕಾಯಿಸುತ್ತದೆ.

ಮೊದಲನೆಯ ರೋಗ: ಸುಣ್ಣದ ಹಕ್ಕಳೆ

ಕೊಳವೆಬಾವಿಯ ನೀರನ್ನು ಬಳಸುವ ಊರುಗಳಲ್ಲಿ ಪಾತ್ರೆಗಳ ಒಳಮೈಗೆ ಬಿಳಿಯ ಕಿಟ್ಟ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣದ ಅಂಶವುಳ್ಳ ಶಿಲೆಗಳನ್ನು ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟಿನ ರೂಪದಲ್ಲಿ ಹೊತ್ತು ತರುತ್ತದೆ. ಇದೇ ನೀರಿನ ತಾತ್ಕಾಲಿಕ ಗಡಸುತನ. ನೀರನ್ನು ಕಾಯಿಸಿದೊಡನೆ ಅನಿಲವು ಹೊರಟುಹೋಗಿ, ಕರಗಲಾರದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಅದು ಕೂಡುವುದು ಅತ್ಯಂತ ಬಿಸಿಯಾದ ಜಾಗದಲ್ಲಿ, ಎಂದರೆ ತಾಪನದಂಡದ ಮೈಮೇಲೆ.

ಎಷ್ಟು ಕೂಡಬಹುದು? ಒಂದು ಲೀಟರಿನಲ್ಲಿ ೩೦೦ ಮಿಲಿಗ್ರಾಮಿನಷ್ಟು ತಾತ್ಕಾಲಿಕ ಗಡಸುತನವಿರುವ ನೀರನ್ನು ದಿನಕ್ಕೆ ೧೦೦ ಲೀಟರಿನಂತೆ ಕಾಯಿಸುವ ಮನೆಯೊಂದನ್ನು ಭಾವಿಸೋಣ. ದಿನವೂ ೩೦ ಗ್ರಾಂ ಸುಣ್ಣ ಯಂತ್ರದ ಮೂಲಕ ಹಾಯುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗೆ ನಿಂತರೂ ವರ್ಷಕ್ಕೆ ಒಂದು ಕಿಲೋಗ್ರಾಮಿಗಿಂತ ಹೆಚ್ಚಾಯಿತು!

ಹಕ್ಕಳೆ ಕಟ್ಟಿದ ದಂಡವು ವಿದ್ಯುತ್ತನ್ನು ವ್ಯರ್ಥಮಾಡುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಸ್ವಲ್ಪ ಯೋಚಿಸಿದರೆ ಇದು ಪೂರ್ಣ ಸತ್ಯವಲ್ಲವೆಂದು ತಿಳಿಯುತ್ತದೆ. ದಂಡವು ನೀರಿನೊಳಗೇ ಮುಳುಗಿದೆ. ಅದರಲ್ಲಿ ಹುಟ್ಟಿದ ಶಾಖಕ್ಕೆ ನೀರಲ್ಲದೆ ಬೇರೆ ದಾರಿಯಿಲ್ಲ. ತೊಂದರೆ ಇರುವುದು ಬೇರೆಡೆ. ಸುಣ್ಣದ ಹಕ್ಕಳೆ ತಾಮ್ರಕ್ಕಿಂತ ಇನ್ನೂರರಿಂದ ನಾಲ್ಕು ನೂರು ಪಟ್ಟು ಕೆಟ್ಟ ಶಾಖವಾಹಕ. ದಂಡದ ಮೈಯ ಒಂದು ಚದರ ಸೆಂಟಿಮೀಟರಿನಿಂದ ೧೦ ವಾಟ್ ಶಾಖ ಹೊರಡಬೇಕೆಂದು ಇಟ್ಟುಕೊಂಡರೆ, ಒಂದು ಮಿಲಿಮೀಟರು ದಪ್ಪದ ತಾಮ್ರವನ್ನು ದಾಟಲು ಕಾಲು ಡಿಗ್ರಿಯ ಅಂತರ ಸಾಕು. ಅಷ್ಟೇ ದಪ್ಪದ ಹಕ್ಕಳೆಯನ್ನು ದಾಟಲು ೫೦ರಿಂದ ೧೦೦ ಡಿಗ್ರಿಯ ಅಂತರ ಬೇಕು. ಹಕ್ಕಳೆ ಬೆಳೆದಂತೆಲ್ಲ ದಂಡದ ಕವಚ ಒಳಗೊಳಗೇ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿ, ಕೊನೆಗೊಂದು ದಿನ ಸೀಳುತ್ತದೆ, ಇಲ್ಲವೇ ತಂತಿ ಕರಗಿ ತುಂಡಾಗುತ್ತದೆ. ಹಕ್ಕಳೆಯ ಬಿರುಕುಗಳಲ್ಲಿ ಸಿಕ್ಕಿದ ನೀರು ಥಟ್ಟನೆ ಆವಿಯಾಗುವ ‘ಸುಯ್’ ‘ಟಪ್’ ಎಂಬ ಸದ್ದುಗಳು ಈ ರೋಗದ ಮುನ್ಸೂಚನೆ. ಅನಿಲದ ಗೀಸರಿನಲ್ಲಿಯೂ ಸೌರಯಂತ್ರದಲ್ಲಿಯೂ ಮಾತು ಬೇರೆ. ಅಲ್ಲಿ ನೀರಿಗೆ ಹೋಗಲಾರದ ಶಾಖವು ಹೊರಗಿನ ಗಾಳಿಯ ಪಾಲಾಗಬಲ್ಲುದು. ಅಲ್ಲಿ ಹಕ್ಕಳೆ ನಿಜವಾಗಿಯೂ ಇಂಧನವನ್ನು ನುಂಗುತ್ತದೆ.

ಇದಕ್ಕೆ ಚಿಕಿತ್ಸೆ ಕಷ್ಟವಾದದ್ದಲ್ಲ. ಮುಖ್ಯ ಸ್ವಿಚ್ಚಿನಿಂದಲೇ ವಿದ್ಯುತ್ತನ್ನು ಕಡಿದು, ತೊಟ್ಟಿಯನ್ನು ಬರಿದುಮಾಡಿ, ದಂಡವನ್ನು ಬಿಚ್ಚಿ, ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಹಾಕಿದರೆ ಹಕ್ಕಳೆ ನೊರೆಗಟ್ಟಿ ಕರಗುತ್ತದೆ. ಆ ನೊರೆ ಹಿಂದೊಮ್ಮೆ ನೀರು ಕಳೆದುಕೊಂಡ ಇಂಗಾಲದ ಡೈ ಆಕ್ಸೈಡಿನಂಥದೇ ಅನಿಲ. ಇದು ತಿಳಿದ ಎಲೆಕ್ಟ್ರಿಷಿಯನ್ನನ ಕೈಯಿಂದ ಆಗತಕ್ಕ ಕೆಲಸ. ಸುಟ್ಟ ದಂಡವನ್ನು ಬದಲಾಯಿಸುವುದೂ ಸಣ್ಣ ದುರಸ್ತಿಯೇ; ಅದಕ್ಕಾಗಿ ಯಂತ್ರವನ್ನೇ ಬಿಸಾಡುವುದು ಚಕ್ರದ ಟ್ಯೂಬು ತೂತಾಯಿತೆಂದು ಸೈಕಲ್ಲನ್ನೇ ಮಾರಿದಂತೆ. ಹಕ್ಕಳೆ ೬೦ ಡಿಗ್ರಿಯ ಮೇಲೆ ಬಲು ವೇಗವಾಗಿ ಕಟ್ಟುವುದರಿಂದ ಥರ್ಮೋಸ್ಟಾಟನ್ನು ಅದಕ್ಕಿಂತ ಮೇಲೆ ಇಡದಿರುವುದು ಒಳ್ಳೆಯದು. ೬೦ ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲುದೆಂಬುದನ್ನೂ, ಮಕ್ಕಳಿರುವ ಮನೆಯಲ್ಲಿ ತಣ್ಣೀರು ಬೆರೆಸಿದ ಮೇಲೆಯೇ ಅದನ್ನು ಬಳಸಬೇಕೆಂಬುದನ್ನೂ ಮರೆಯಬಾರದು.

ಎರಡನೆಯ ರೋಗ: ತುಕ್ಕು

ಉಕ್ಕು, ಬಿಸಿನೀರು, ನೀರಿನಲ್ಲಿ ಕರಗಿದ ಆಮ್ಲಜನಕ ಮೂರೂ ಕೂಡಿದರೆ ತುಕ್ಕು ತಪ್ಪದು. ಎನಾಮೆಲ್ ಲೇಪವು ತೊಟ್ಟಿಯನ್ನು ಕಾಪಾಡುತ್ತದೆಯಾದರೂ ಗಾಜಿನ ಸ್ವಭಾವದ ಆ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕುಗಳು ಇದ್ದೇ ಇರುತ್ತವೆ. ಅಲ್ಲಿ ಉಕ್ಕನ್ನು ಉಳಿಸುವವರಾರು? ಆ ಮೆಗ್ನೀಷಿಯಂ ಸಲಾಕೆ.

ಇದರ ತತ್ತ್ವವನ್ನು ಕಂಡವನು ಸರ್ ಹಂಫ್ರಿ ಡೇವಿ. ಬ್ರಿಟಿಷ್ ನೌಕಾಪಡೆಯು ತನ್ನ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡುಗಳು ಸಮುದ್ರದ ನೀರಿನಲ್ಲಿ ಸವೆಯುತ್ತಿದ್ದುದಕ್ಕೆ ಪರಿಹಾರವನ್ನು ಬೇಡಿತ್ತು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಗುಲಿಸಿದರೆ ತುಂಡು ಸವೆಯುತ್ತದೆ, ತಾಮ್ರ ಉಳಿಯುತ್ತದೆ ಎಂದು ಡೇವಿ ೧೮೨೪ರಲ್ಲಿ ತೋರಿಸಿದನು. ತಾಮ್ರವೇನೋ ಉಳಿಯಿತು, ಆದರೆ ಕರಗುವ ತಾಮ್ರದ ವಿಷವಿಲ್ಲದ್ದರಿಂದ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ಹಡಗುಗಳ ವೇಗ ತಗ್ಗಿತು. ಆ ಪ್ರಯೋಗವನ್ನು ನೌಕಾಪಡೆ ಕೈಬಿಟ್ಟಿತು. ತತ್ತ್ವ ಮಾತ್ರ ಸತ್ಯವಾಗಿ ಉಳಿದು ಇಂದು ನೆಲದೊಳಗಿನ ಕೊಳವೆಗಳನ್ನೂ, ನಮ್ಮ ಬಚ್ಚಲುಮನೆಯ ತೊಟ್ಟಿಯನ್ನೂ ಕಾಯುತ್ತಿದೆ.

ಲೋಹಗಳ ವಿದ್ಯುದ್ರಾಸಾಯನಿಕ ಶ್ರೇಣಿಯನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅದರಲ್ಲಿ ಮೆಗ್ನೀಷಿಯಂ ಲೋಹದ ವಿಭವ ಋಣ ೨.೩೭ ವೋಲ್ಟ್, ಕಬ್ಬಿಣದ್ದು ಋಣ ೦.೪೪ ವೋಲ್ಟ್. ಎರಡೂ ಒಂದೇ ನೀರಿನಲ್ಲಿ ಮುಳುಗಿ ಒಂದಕ್ಕೊಂದು ತಗುಲಿಕೊಂಡಿದ್ದರೆ ಅಲ್ಲಿ ಒಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಮೆಗ್ನೀಷಿಯಂ ತನ್ನ ಎಲೆಕ್ಟ್ರಾನುಗಳನ್ನು ಉಕ್ಕಿಗೆ ಧಾರೆಯೆರೆದು ತಾನು ಕರಗುತ್ತದೆ. ಎಲೆಕ್ಟ್ರಾನುಗಳನ್ನು ಪಡೆಯುತ್ತಿರುವವರೆಗೆ ಉಕ್ಕು ಕರಗಲಾರದು. ಇಂಥ ಸಲಾಕೆಯನ್ನು ‘ಬಲಿದಾನದ ಆನೋಡ್’ ಎಂದು ಕರೆದಿರುವುದು ಯಥಾರ್ಥವಾಗಿದೆ.

ಆದರೆ ಬಲಿಯಾದದ್ದು ಮುಗಿದುಹೋಗುತ್ತದೆ. ಸಲಾಕೆ ಎಷ್ಟು ಕಾಲ ಬಾಳುವುದೆಂಬುದು ನೀರಿನ ಗುಣವನ್ನೂ ಬಳಕೆಯನ್ನೂ ಅವಲಂಬಿಸಿದೆ. ಅದು ಕರಗಿ ನಡುವಿನ ಕಬ್ಬಿಣದ ತಂತಿ ಮಾತ್ರ ಉಳಿದ ದಿನದಿಂದ ತೊಟ್ಟಿಯ ಆಯುಷ್ಯದ ಎಣಿಕೆ ಆರಂಭವಾಗುತ್ತದೆ. ಹೊರಗಿನಿಂದ ಯಾವ ಲಕ್ಷಣವೂ ತೋರದು. ನೀರು ಎಂದಿನಂತೆ ಕಾಯುತ್ತಿರುತ್ತದೆ. ನಮ್ಮ ಮನೆಗಳಲ್ಲಿ ಅತ್ಯಂತ ಹೆಚ್ಚಾಗಿ ಉಪೇಕ್ಷಿತವಾಗಿರುವ ಭಾಗ ಇದೇ. ವರ್ಷಕ್ಕೊಮ್ಮೆ, ಹಕ್ಕಳೆ ತೆಗೆಯುವಾಗಲೇ, ಸಲಾಕೆಯನ್ನೂ ಬಿಚ್ಚಿ ನೋಡಿಸಿ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಾಯಿಸತಕ್ಕದ್ದು.

ಸೋರಿಕೆ ಕಂಡಾಗ ಎಲ್ಲಿಂದ ಎಂಬುದನ್ನು ನಿದಾನವಾಗಿ ಪರೀಕ್ಷಿಸಬೇಕು. ಕೊಳವೆಯ ಜೋಡಣೆಯಲ್ಲಿ ಸೋರಿದರೆ ವಾಷರಿನ ದೋಷ. ದಂಡವನ್ನು ಬಿಗಿದಿರುವ ತಟ್ಟೆಯ ಸುತ್ತ ಸೋರಿದರೆ ರಬ್ಬರಿನ ಗ್ಯಾಸ್ಕೆಟ್ಟಿನ ದೋಷ. ಇವೆರಡೂ ಸುಲಭವಾಗಿ ಸರಿಹೋಗುತ್ತವೆ. ಹೊದಿಕೆಯೊಳಗಿಂದ ಕಂದುಬಣ್ಣದ ನೀರು ಜಿನುಗುತ್ತಿದ್ದರೆ ತೊಟ್ಟಿಯೇ ತೂತಾಗಿದೆಯೆಂದು ತಿಳಿಯಬೇಕು. ಎನಾಮೆಲ್ಲನ್ನು ೮೦೦ ಡಿಗ್ರಿಗೂ ಮೇಲ್ಪಟ್ಟ ಕುಲುಮೆಯಲ್ಲಿ ಕರಗಿಸಿ ಕೂಡಿಸಿರುತ್ತಾರೆ. ಬೆಸುಗೆ ಹಾಕಿದರೆ ಸುತ್ತಲಿನ ಲೇಪ ಸಿಡಿದು ಹೋಗುತ್ತದೆ, ಒಂದು ತೂತು ಮುಚ್ಚಿ ಹತ್ತು ತೂತುಗಳಿಗೆ ಎಡೆಯಾಗುತ್ತದೆ. ಈ ರೋಗಕ್ಕೆ ಮದ್ದಿಲ್ಲ. ಯಂತ್ರವನ್ನು ಬದಲಾಯಿಸುವುದೊಂದೇ ದಾರಿ.

ಮೂರನೆಯ ರೋಗ: ಅಂಕೆಯಿಲ್ಲದ ಕಾವು

ನೀರು ಬೆಚ್ಚಗಾಗುವಷ್ಟರಲ್ಲೇ ದೀಪ ಆರಿದರೆ, ಅಥವಾ ಎಷ್ಟು ಹೊತ್ತಾದರೂ ಆರದೆ ನಲ್ಲಿಯಿಂದ ಆವಿ ಬಂದರೆ, ದೋಷ ಥರ್ಮೋಸ್ಟಾಟಿನದು. ಮೊದಲನೆಯದು ಅನನುಕೂಲ, ಎರಡನೆಯದು ಅಪಾಯ.

ನೀರು ಕಾದಾಗ ಹಿಗ್ಗುತ್ತದೆ. ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿದ ೨೫ ಲೀಟರು ನೀರು ಸುಮಾರು ೩೮೦ ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ. ಮಾಳಿಗೆಯ ತೊಟ್ಟಿಯಿಂದ ನೇರವಾಗಿ ನೀರು ಇಳಿಯುವ ಮನೆಯಲ್ಲಿ ಇದು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತದೆ. ಕೊಳವೆಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟವಿದ್ದರೆ ಹಿಗ್ಗಿದ ನೀರಿಗೆ ಎಡೆಯಿಲ್ಲ. ನೀರು ಸುಲಭವಾಗಿ ಕುಗ್ಗತಕ್ಕ ವಸ್ತುವಲ್ಲವಾದ್ದರಿಂದ ಒತ್ತಡ ಒಮ್ಮೆಗೇ ಏರುತ್ತದೆ. ಆಗ ವಾಲ್ವಿನಿಂದ ಕೆಲವು ಹನಿ ತೊಟ್ಟಿಕ್ಕುವುದು ರೋಗವಲ್ಲ, ಆರೋಗ್ಯದ ಲಕ್ಷಣ. ಕಿರಿಕಿರಿಯೆಂದು ಆ ವಾಲ್ವಿಗೆ ಬೆಣೆ ಜಡಿದು ಮುಚ್ಚುವವರು ತಮ್ಮ ಮನೆಯಲ್ಲಿ ಒಂದು ಸಿಡಿಗುಂಡನ್ನು ತೂಗುಹಾಕಿಕೊಂಡಂತೆಯೇ ಸರಿ.

ಇದು ಉತ್ಪ್ರೇಕ್ಷೆಯಲ್ಲ. ಥರ್ಮೋಸ್ಟಾಟ್, ಕಾವಲು ಸ್ವಿಚ್ಚು, ವಾಲ್ವ್ ಮೂರೂ ವಿಫಲವಾದವೆನ್ನೋಣ. ವಾಯುಮಂಡಲದ ಎಂಟರಷ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು ೧೭೦ ಡಿಗ್ರಿಗೆ. ಅಷ್ಟು ಕಾದ ನೀರಿರುವ ತೊಟ್ಟಿ ಸೀಳಿದರೆ ಒತ್ತಡ ಥಟ್ಟನೆ ಇಳಿದು, ನೀರಿನ ಸುಮಾರು ೧೩ ಶೇಕಡ ಭಾಗ ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಒಂದು ಲೀಟರು ನೀರು ಸುಮಾರು ೧,೬೦೦ ಲೀಟರು ಆವಿಯಾಗುವುದರಿಂದ, ೨೫ ಲೀಟರಿನ ಪುಟ್ಟ ತೊಟ್ಟಿಯೊಳಗಿಂದ ೫,೦೦೦ ಲೀಟರಿಗೂ ಮಿಕ್ಕಿದ ಆವಿ ಆ ಕಿರುಕೋಣೆಗೆ ನುಗ್ಗುತ್ತದೆ. ಗೋಡೆಗಳು ಉರುಳಲು ಅಷ್ಟು ಸಾಕು. ಪ್ರೆಶರ್ ಕುಕ್ಕರಿನ ಪೂರ್ವಜವನ್ನು ಹದಿನೇಳನೆಯ ಶತಮಾನದಲ್ಲಿ ನಿರ್ಮಿಸಿದ ಡೆನಿ ಪಪೇನ್ ಎಂಬ ಫ್ರೆಂಚ್ ವಿಜ್ಞಾನಿಯು ಅದಕ್ಕೆ ಸುರಕ್ಷಾ ಕವಾಟವನ್ನೂ ಜೋಡಿಸಿದ್ದನು. ಅಂದಿನಿಂದ ಇಂದಿನವರೆಗೆ, ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸುವ ಯಾವ ಯಂತ್ರಕ್ಕೂ ಈ ಕವಾಟವಿಲ್ಲದೆ ನಡೆಯದು.

ಪ್ರಾಣಾಂತಿಕವಾದ ಎರಡು ದೋಷಗಳು

ನಲ್ಲಿಯನ್ನು ಮುಟ್ಟಿದಾಗ ಕೈ ‘ಜುಮ್’ ಎಂದರೆ ಅದನ್ನು ಲಘುವಾಗಿ ಎಣಿಸಬಾರದು. ತಾಪನದಂಡದ ಕವಚ ಸೀಳಿ, ಒಳಗಿನ ಪುಡಿಗೆ ನೀರು ಹೊಕ್ಕು, ವಿದ್ಯುತ್ತು ನೀರಿಗೂ ಲೋಹಕ್ಕೂ ಸೋರುತ್ತಿದೆಯೆಂಬುದು ಅದರ ಅರ್ಥ. ಅರ್ಥಿಂಗ್ ಸರಿಯಾಗಿದ್ದರೆ ಆ ಪ್ರವಾಹ ನೆಲಕ್ಕೆ ಇಳಿದುಹೋಗುತ್ತಿತ್ತು. ಕೈಗೆ ತಾಗಿತೆಂದರೆ ಅರ್ಥಿಂಗೂ ಕೆಟ್ಟಿದೆಯೆಂದು ತಿಳಿಯಬೇಕು. ಒಣಗಿದ ಚರ್ಮವು ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ; ಒದ್ದೆಯಾದ ಚರ್ಮದ ತಡೆ ಬಹಳ ಕಡಿಮೆ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವನಿಗಿಂತ ಹೆಚ್ಚಿನ ಅಪಾಯಕ್ಕೆ ಒಡ್ಡಿಕೊಂಡವನು ಇನ್ನೊಬ್ಬನಿಲ್ಲ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ, ದುರಸ್ತಿಯಾಗುವವರೆಗೆ ಬಳಕೆಯನ್ನೇ ನಿಲ್ಲಿಸಬೇಕು. ಹೋಗುವ ಪ್ರವಾಹಕ್ಕೂ ಮರಳುವ ಪ್ರವಾಹಕ್ಕೂ ೩೦ ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಮರುಕ್ಷಣವೇ ವಿದ್ಯುತ್ತನ್ನು ಕಡಿಯುವ ಸುರಕ್ಷಾ ಸ್ವಿಚ್ಚುಗಳು ಇಂದು ದೊರೆಯುತ್ತವೆ. ಅದು ಆಗಾಗ ಬೀಳುತ್ತದೆಂದು ಬೇಸತ್ತು ತೆಗೆದುಹಾಕುವುದು, ಕಳ್ಳ ಬಂದಾಗ ಬೊಗಳಿದ ನಾಯಿಯನ್ನು ಓಡಿಸಿದಂತೆ.

ಎರಡನೆಯದು ಅನಿಲದ ಗೀಸರಿನ ದೋಷ. ಇದಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಒಂದು ಲೀಟರು ಪ್ರೊಪೇನ್ ಪೂರ್ತಿಯಾಗಿ ಉರಿಯಲು ಸುಮಾರು ೨೪ ಲೀಟರು ಗಾಳಿ ಬೇಕು. ಬ್ಯೂಟೇನಿಗೆ ೩೧ ಲೀಟರು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಬಚ್ಚಲುಮನೆಯಲ್ಲಿ ಆಮ್ಲಜನಕವು ಕಡಿಮೆಯಾದಂತೆ ದಹನ ಅಪೂರ್ಣವಾಗಿ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗಿ, ಕಾಲು ಕುಸಿದು, ಚಿಲಕ ತೆಗೆಯುವಷ್ಟು ತ್ರಾಣವೂ ಉಳಿಯದೆ ಮನುಷ್ಯ ಬೀಳುತ್ತಾನೆ. ನಮ್ಮ ರಾಜ್ಯದಲ್ಲಿಯೂ ಇಂಥ ಸಾವುಗಳು ಚಳಿಗಾಲದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ವರದಿಯಾಗಿವೆ. ಉರಿಯು ನೀಲಿಯಿಂದ ಹಳದಿಗೆ ತಿರುಗುವುದು, ಮಸಿ ಕಟ್ಟುವುದು, ಸ್ನಾನದ ಬಳಿಕ ತಲೆನೋವು ಬರುವುದು ಇದರ ಎಚ್ಚರಿಕೆಗಳು. ಇದಕ್ಕೆ ದುರಸ್ತಿಗಿಂತ ಮುಖ್ಯವಾದದ್ದು ಸ್ಥಳಾಂತರ: ಅನಿಲದ ಗೀಸರು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ತಾಣದಲ್ಲಿ ಇರಬೇಕು, ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು.

ಮಾಳಿಗೆಯ ಮೇಲಿನ ಯಂತ್ರ

ಬೆಂಗಳೂರಿನ ಮಾಳಿಗೆಗಳ ಮೇಲೆ ಕಣ್ಣು ಹಾಯಿಸಿದವರು ಸಾಲುಸಾಲಾಗಿ ಸೌರ ಜಲತಾಪಕಗಳನ್ನು ಕಂಡಿರಬಹುದು. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ೧೮೯೧ರಲ್ಲಿ ಮೊದಲ ವಾಣಿಜ್ಯ ಯಂತ್ರವನ್ನು ಹೊರತಂದನು. ೧೯೦೯ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಬಿಸಿಲು ಹಿಡಿಯುವ ಫಲಕವನ್ನೂ ನೀರು ನಿಲ್ಲುವ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಹೊದಿಕೆ ಹೊದಿಸಿ ರಾತ್ರಿಯೂ ಬಿಸಿನೀರು ಉಳಿಯುವಂತೆ ಮಾಡಿದನು. ಫಲಕದಲ್ಲಿ ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಂಪಾದ ನೀರು ಅದರ ಜಾಗಕ್ಕೆ ಇಳಿಯುತ್ತದೆ. ಈ ಸಂಚಾರಕ್ಕೆ ಪಂಪು ಬೇಡ.

ಇದರ ಬಲ ಅತ್ಯಲ್ಪವಾದದ್ದರಿಂದ ಅಲ್ಪ ಅಡ್ಡಿಯೂ ಇದನ್ನು ನಿಲ್ಲಿಸಬಲ್ಲುದು. ಕೊಳವೆಯಲ್ಲಿ ಸಿಕ್ಕಿದ ಗಾಳಿಯ ಗುಳ್ಳೆ, ಸಣ್ಣ ನಾಳಗಳಲ್ಲಿ ಕಟ್ಟಿದ ಸುಣ್ಣ, ಗಾಳಿಕೊಳವೆಯ ಬಾಯಿಗೆ ಸೇರಿದ ಕಸ, ಗಾಜಿನ ಮೇಲಿನ ಧೂಳು, ಹೊಸದಾಗಿ ಎದ್ದ ಪಕ್ಕದ ಕಟ್ಟಡದ ನೆರಳು, ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು. ಬಿಸಿಲಿರುವ ಮಧ್ಯಾಹ್ನ ಫಲಕದ ಮೇಲ್ತುದಿಯ ಕೊಳವೆ ಸುಡುತ್ತಿದ್ದು ತೊಟ್ಟಿಯ ನೀರು ತಣ್ಣಗಿದ್ದರೆ ಸಂಚಾರ ನಿಂತಿದೆ ಎಂದು ತಿಳಿಯಬೇಕು. ಕೊಳವೆಯೇ ತಣ್ಣಗಿದ್ದರೆ ಬಿಸಿಲೇ ತಲಪುತ್ತಿಲ್ಲ. ನಿರ್ವಾತ ಗಾಜಿನ ನಳಿಕೆಯೊಂದರ ತುದಿಯ ಬೆಳ್ಳಿಯ ಹೊಳಪು ಹಾಲಿನ ಬಿಳುಪಿಗೆ ತಿರುಗಿದ್ದರೆ ನಿರ್ವಾತ ಕೆಟ್ಟಿದೆ. ಆ ನಳಿಕೆಯೊಂದನ್ನು ಬದಲಾಯಿಸಿದರೆ ಸಾಕು.

ನಿರ್ಣಯ

ಇಷ್ಟು ವಿಚಾರ ಮಾಡಿದ ಮೇಲೆ ನಿರ್ಣಯ ಕಠಿಣವಲ್ಲ. ದಂಡ, ಥರ್ಮೋಸ್ಟಾಟ್, ಸಲಾಕೆ, ವಾಲ್ವ್, ಗ್ಯಾಸ್ಕೆಟ್, ಗಾಜಿನ ನಳಿಕೆ, ಇವು ಕೆಟ್ಟರೆ ದುರಸ್ತಿ. ತೊಟ್ಟಿ ತೂತಾದರೆ ಬದಲಾವಣೆ. ತೊಟ್ಟಿ ಗಟ್ಟಿಯಾಗಿದ್ದರೂ ನಾಲ್ಕಾರು ಭಾಗಗಳು ಒಟ್ಟಿಗೆ ಕೆಟ್ಟು, ದುರಸ್ತಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮುಟ್ಟಿದರೆ ಆಗಲೂ ಬದಲಾವಣೆಯೇ ಲೇಸು.

ಬದಲಾಯಿಸುವುದೇ ಆದರೆ ಹಳೆಯದರ ಪಡಿಯಚ್ಚನ್ನೇ ತರಬೇಕೆಂಬ ನಿಯಮವಿಲ್ಲ. ದಿನಕ್ಕೆ ೧೦೦ ಲೀಟರು ನೀರನ್ನು ೩೦ ಡಿಗ್ರಿಯಷ್ಟು ಏರಿಸಲು ಸುಮಾರು ೩.೫ ಯೂನಿಟ್ ಬೇಕು. ವರ್ಷದಲ್ಲಿ ೩೦೦ ದಿನ ಬಿಸಿಲೇ ಈ ಕೆಲಸವನ್ನು ಮಾಡಿದರೆ ಸುಮಾರು ೧,೦೫೦ ಯೂನಿಟ್ ಉಳಿಯುತ್ತದೆ. ಸುತ್ತಲಿನ ಗಾಳಿಯಿಂದ ಶಾಖವನ್ನು ಸೆಳೆದು ನೀರಿಗೆ ತುಂಬುವ ಶಾಖಪಂಪುಗಳೂ ಈಗ ಬಂದಿವೆ. ಇವು ಒಂದು ಯೂನಿಟ್ ವಿದ್ಯುತ್ತನ್ನು ಪಡೆದು ಸುಮಾರು ಮೂರು ಯೂನಿಟ್ಟಿನಷ್ಟು ಶಾಖವನ್ನು ನೀರಿಗೆ ಕೊಡಬಲ್ಲವು. ಮಾಳಿಗೆಯ ಹಕ್ಕಿಲ್ಲದ ಬಾಡಿಗೆಯ ಮನೆಯವರಿಗೆ ವಿದ್ಯುತ್ ಗೀಸರೇ ಗತಿ. ಅವರು ಭಾರತೀಯ ಮಾನಕ ೨೦೮೨ರ ಗುರುತನ್ನೂ, ಶಾಖ ಸೋರಿಕೆಯ ಅಳತೆಯನ್ನು ತಿಳಿಸುವ ನಕ್ಷತ್ರಗಳ ಚೀಟಿಯನ್ನೂ ನೋಡಿ ಕೊಳ್ಳಬೇಕು.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಒಂದು ಪರೀಕ್ಷೆಯನ್ನು ಯಾವ ಅಪಾಯವೂ ಇಲ್ಲದೆ ಮಾಡಬಹುದು. ಬೆಳಗ್ಗೆ ತಣ್ಣೀರಿನ ಉಷ್ಣತೆಯನ್ನು ಅಳೆದು, ಮನೆಯ ಇತರ ಉಪಕರಣಗಳನ್ನು ಆರಿಸಿ, ಗೀಸರನ್ನು ಹಾಕಿ, ದೀಪ ಆರುವವರೆಗೆ ಎಷ್ಟು ನಿಮಿಷವಾಯಿತು, ಮೀಟರಿನಲ್ಲಿ ಎಷ್ಟು ಯೂನಿಟ್ ಓಡಿತು ಎಂದು ಬರೆದುಕೊಳ್ಳಲಿ. ತರುವಾಯ ಗೀಸರನ್ನು ಆರಿಸಿ, ಬಿಸಿನೀರನ್ನು ಬಕೆಟ್ಟಿಗೆ ಹಿಡಿದು ಅದರ ಉಷ್ಣತೆಯನ್ನೂ ಅಳೆದು, ಮೇಲೆ ಕೊಟ್ಟ ಲೆಕ್ಕದೊಡನೆ ಹೋಲಿಸಲಿ. ವೇಳೆ ಹೆಚ್ಚಾಗಿ ಯೂನಿಟ್ಟು ಸರಿಯಾಗಿದ್ದರೆ ವೋಲ್ಟೇಜು ಕಡಿಮೆ. ಯೂನಿಟ್ಟೇ ಹೆಚ್ಚಾಗಿದ್ದರೆ ಹೊದಿಕೆ ಕೆಟ್ಟಿದೆ ಅಥವಾ ನೀರು ಎಲ್ಲಿಯೋ ಸೋರುತ್ತಿದೆ. ವೇಳೆಗೆ ಮೊದಲೇ ದೀಪ ಆರಿ ನೀರು ಉಗುರುಬೆಚ್ಚಗಷ್ಟೇ ಇದ್ದರೆ ಥರ್ಮೋಸ್ಟಾಟಿನ ದೋಷ. ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನನದು. ಆದರೆ ಅವನು ಬಂದಾಗ ಈ ಅಂಕೆಗಳುಳ್ಳ ಚೀಟಿಯನ್ನು ಅವನ ಕೈಗೆ ಕೊಟ್ಟು, “ಆನೋಡ್ ಸಲಾಕೆಯನ್ನೂ ಒಮ್ಮೆ ತೆಗೆದು ತೋರಿಸಿ” ಎಂದು ಕೇಳುವುದು ಮನೆಯವರ ಕೆಲಸ.